1837ರ ಕೊಡಗಿನ ಪ್ರೇಮಕಥೆ: ಹೆಸರು ಮರೆಸಿಕೊಂಡು ಬಂದವನಿಗೆ "ಯಾವ ಮನೆ?" ಅಂತ ಕೇಳಿದ್ರೆ ಏನ್ ಹೇಳ್ಬೇಕು?

ಕಕ್ಕಡದಮಳೆ:
ಎಲ್ರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಕಾದಂಬರಿ ಬರೀತಾ ಇದೀನಿ, ಅರ್ಧಕ್ಕೆ ನಿಂತುಹೋಗಿದೆ, ಅದಕ್ಕೆ ಇಲ್ಲಿ ಕೇಳ್ತಾ ಇರೋದು. ಕಥೆ ಹೇಳ್ಬಿಡ್ತೀನಿ. ಚಿಕ್ಕವೀರರಾಜೇಂದ್ರನ ಕೊನೇ ವರ್ಷಗಳು. ನಾಲ್ಕುನಾಡಿನ ಒಬ್ಬ ಕೊಡವ ಹುಡುಗ, ಹೊಳೆ ಆಚೆ ಊರಿನ ಹುಡುಗಿ, ಮದುವೆ ಮಾತಾಗಿದೆ. ರಾಜನ ಒಡಹುಟ್ಟಿದವಳು ದೇವಮ್ಮಾಜಿ, ಗಂಡ ಚನ್ನಬಸವಪ್ಪನ ಜೊತೆ 1832ರಲ್ಲಿ ಮೈಸೂರಲ್ಲಿದ್ದ ಬ್ರಿಟಿಷ್ ರೆಸಿಡೆಂಟ್ ಹತ್ರ ಓಡಿಹೋದಳಲ್ಲ, ಅವರಿಗೆ ಕಾಡುದಾರಿ ತೋರಿಸಿದ್ದು ಈ ಹುಡುಗನ ಅಪ್ಪ ಅಂತ ಯಾರೋ ಅರಮನೆಗೆ ಚಾಡಿ ಹೇಳ್ತಾನೆ. ಒಂದೇ ರಾತ್ರಿಲಿ ಮನೆಮಂದಿ ಎಲ್ಲ ಮುಗಿದುಹೋಗ್ತಾರೆ, ಹುಡುಗ ಒಬ್ಬ ಮಾತ್ರ ಗಡಿ ದಾಟ್ತಾನೆ. 1834ರಲ್ಲಿ ಕಂಪನಿ ಕೊಡಗನ್ನ ತಗೊಂಡು ರಾಜನ್ನ ಗಡೀಪಾರು ಮಾಡಿದ್ಮೇಲೆ ಇವನು ಬೇರೆ ಹೆಸರಲ್ಲಿ ವಾಪಸ್ ಬರ್ತಾನೆ, ಸೇಡು ತೀರಿಸೋಕೆ. ಬಂದು ನೋಡಿದ್ರೆ ಚಾಡಿ ಹೇಳಿದವನ ಮಗನಿಗೇ ಅವಳನ್ನ ಕೊಟ್ಟಿದಾರೆ.

ಇಲ್ಲಿಗೆ ನಿಂತಿದೀನಿ. ಅವನು ಆ ಮನೆ ಒಳಗೆ ಹೆಂಗೆ ಹೋಗ್ತಾನೆ, ಯಾರು ಅಂತ ಹೇಳ್ಕೊಂಡು ಹೋಗ್ತಾನೆ ಅನ್ನೋದೇ ಹೊಳೀತಿಲ್ಲ. ವ್ಯಾಪಾರಿ ಅಂತ ಬರ್ದೆ, ಕಂಪನಿ ಗುಮಾಸ್ತ ಅಂತ ಬರ್ದೆ, ಎರಡೂ ಸುಳ್ಳು ಸುಳ್ಳಾಗಿ ಕಾಣ್ತವೆ.

ಸುಳ್ಯದಸೊಸೆ:
ಕಥೆ ಒಳ್ಳೇದುಂಟು, ಆದ್ರೆ ನಾಲ್ಕೈದು ವರ್ಷ ಅಂದ್ರೆ ಏನೂ ಅಲ್ಲ ಮಾರಾಯ್ರೆ. ಊರಿನವರು ಮುಖ ನೋಡಿದ ಕೂಡ್ಲೆ ಗುರುತು ಹಿಡೀತಾರೆ. ದೇವಿ ಬೇನೆ, ಅಂದ್ರೆ ಸಿಡುಬು ಬಂದು ಮುಖ ಪೂರ್ತಿ ಕಲೆ ಆಗಿದೆ ಅಂತ ಮಾಡಿ, ಆ ಕಾಲದಲ್ಲಿ ಅದು ನಂಬುವಂಥ ಮಾತು.

ಇನ್ನೊಂದು, 1837 ಅಂತ ಇಟ್ಟ ಮೇಲೆ ನೀವು ನಮ್ಮ ಕಡೆ ಬರದೆ ಆಗೂದಿಲ್ಲ. ಕೊಡಗು ಹಿಡಿದ ಕಂಪನಿಯವರು ಅಮರಸುಳ್ಯ, ಪುತ್ತೂರು ಸೀಮೆಯನ್ನ ಕೊಡಗಿಂದ ಕಿತ್ತು ಕೆನರಾಕ್ಕೆ ಸೇರಿಸಿದ್ರು, ಮೊದಲು ಬೆಳೆಯಲ್ಲಿ ಕೊಡ್ತಿದ್ದ ಕಂದಾಯವನ್ನ ನಗದಲ್ಲೇ ಕಟ್ಟಿ ಅಂತ ಹೇಳಿದ್ರು, ಗದ್ದೆ ಮಾಡುವವನ ಕೈಯಲ್ಲಿ ನಗದು ಎಲ್ಲಿಂದ ಬರ್ಬೇಕು? ದಂಗೆ ಎದ್ದದ್ದು ಅದಕ್ಕೆ. ಏಪ್ರಿಲ್ ತಿಂಗಳಲ್ಲಿ ಮಂಗಳೂರಿನವರೆಗೆ ಹೋಗಿ ಊರು ಹಿಡಿದು ಹೆಚ್ಚುಕಮ್ಮಿ ಎರಡು ವಾರ ಇಟ್ಕೊಂಡ್ರು. ಮತ್ತೆ ನಿಮಗೆ ಬೇಕಾದ ಮರೆಸಿಕೊಂಡ ಹೆಸರಿನ ಕಥೆ ಅಲ್ಲೇ ಉಂಟಲ್ಲ! ಕೊಡಗಿನ ರಾಜರ ಹಾಲೇರಿ ವಂಶದವನು ಕಲ್ಯಾಣಸ್ವಾಮಿ ಅಂತ ಹೇಳ್ಕೊಂಡು ಮುಂದೆ ನಿಂತವನು ಶನಿವಾರಸಂತೆ ಕಡೆಯ ರೈತ ಪುಟ್ಟಬಸಪ್ಪ. ಒಬ್ಬ ರೈತ ರಾಜಕುಮಾರನ ಹೆಸರು ಹೊತ್ತು ನಡೆದ, ಆ ಹೆಸರಲ್ಲೇ ನೇಣಿಗೂ ಹೋದ. ಇವತ್ತಿಗೂ ನಮ್ಮಲ್ಲಿ ಹಿರಿಯರು ಅದನ್ನ ಕಲ್ಯಾಣಪ್ಪನ ಕಾಟಕಾಯಿ ಅಂತಲೇ ಹೇಳುವುದು.

ಕಕ್ಕಡದಮಳೆ:
ಅಕ್ಕ, ದೇವಿ ಬೇನೆ ಮಾತು ತುಂಬಾ ಉಪಕಾರ ಆಯ್ತು. ಪುಟ್ಟಬಸಪ್ಪನ ವಿಷಯ ಗೊತ್ತಿತ್ತು, ಆದ್ರೆ ನನ್ನ ಹುಡುಗನ ಪಕ್ಕದಲ್ಲಿ ಇಟ್ಟು ನೋಡಿರ್ಲಿಲ್ಲ. ಒಬ್ಬ ಇಲ್ಲದ ಹೆಸರನ್ನ ಹೊತ್ಕೊಂಡಿದಾನೆ, ಇನ್ನೊಬ್ಬ ಇರೋ ಹೆಸರನ್ನ ಹೂತುಹಾಕಿದಾನೆ, ಇಬ್ರೂ ಒಂದೇ ದಂಡಲ್ಲಿ. ಮೈ ಜುಂ ಅಂತು.

ಕೈಯಾಲೆ:
ನಾನು ನಾಪೋಕ್ಲು ಕಡೆಯವನು, ವಯಸ್ಸಾದವನು, ಸ್ವಲ್ಪ ಉದ್ದ ಬರೀತೀನಿ.

ಮಗಾ, ನಿಮ್ಮ ವ್ಯಾಪಾರಿ ವೇಷ, ಗುಮಾಸ್ತನ ವೇಷ ಯಾಕೆ ನಿಲ್ತಿಲ್ಲ ಅಂದ್ರೆ ಕೊಡಗಿನಲ್ಲಿ ಮುಖಕ್ಕಿಂತ ಮೊದಲು ಕೇಳೋದು ಮನೆಪೆದ, ಅಂದ್ರೆ ಮನೆತನದ ಹೆಸರು. ಇವತ್ತೂ ಅಷ್ಟೇ, ಮಡಿಕೇರಿ ಬಸ್ಸಲ್ಲಿ ಪಕ್ಕ ಕೂತವರು ಎರಡನೇ ಮಾತಿಗೆ ಯಾವ ಮನೆ ಅಂತ ಕೇಳ್ತಾರೆ, ಹೆಸರು ಆಮೇಲೆ. ಮನೆಪೆದ ಹೇಳಿದ ಕೂಡಲೇ ಯಾವ ನಾಡು, ಯಾವ ಊರು, ಅಮ್ಮನ ಕಡೆ ಯಾರು, ನಿಮ್ಮ ಸೋದರಮಾವ ನಮಗೇನಾಗ್ಬೇಕು ಅಂತ ಐದು ನಿಮಿಷದಲ್ಲಿ ಲೆಕ್ಕ ಹಾಕಿ ಮುಗಿಸ್ತಾರೆ. ಅದ್ರ ಮೇಲೆ ಪ್ರತಿ ಒಕ್ಕಕ್ಕೂ, ಅಂದ್ರೆ ಮನೆತನಕ್ಕೂ, ಅರುವ ಅಂತ ಇನ್ನೊಂದು ಒಕ್ಕದವರು ಇರ್ತಾರೆ, ಮದುವೆಯಲ್ಲಿ ಸಂಬಂಧ ಅಡ್ಕುವಾಗ ಮಾತಾಡೋರು ಅವರೇ, ಮನೆಯ ಹುಟ್ಟುಸಾವು ಎಲ್ಲ ಅವರಿಗೆ ಬಾಯಿಪಾಠ. ನಿಮ್ಮ ಹುಡುಗ ಯಾವುದೋ ಒಂದು ಮನೆಪೆದ ಬಾಯಿಗೆ ಬಂದಂಗೆ ಹೇಳಿದ್ರೆ ಆ ಮನೆ ಅರುವ ಮಾರನೇ ದಿನವೇ ಹಿಡೀತಾನೆ. ಹಾಗಾಗಿ ಬೇರೆ ಕಡೆ ಕಥೆಗಳಲ್ಲಿ ಗಡ್ಡ ಅಂಟಿಸ್ಕೊಂಡು ಬಂದಂಗೆ ಇಲ್ಲಿ ಬರೋಕಾಗಲ್ಲ. ಮನೆ ಯಾವುದು ಅಂತ ಕೇಳೋಕೇ ಆಗದಂಥ ಮನುಷ್ಯನಾಗಿ ಬರ್ಬೇಕು.

ಮತ್ತೊಂದು ಮಾತು, ದಯವಿಟ್ಟು ಚಾಡಿ ಹೇಳಿದವನಿಗೆ ಇರೋ ಒಕ್ಕದ ಹೆಸರು ಇಡ್ಬೇಡಿ. ನಿಮಗೆ ಅದು ಕಥೆ, ಆ ಮನೆ ಮಕ್ಕಳಿಗೆ ಅದು ಕಾರಣನ, ಅಂದ್ರೆ ಮೂಲಪುರುಷನ ಹೆಸರು. ಮನೆ ನಡುಕೋಣೆಯ ನೆಲ್ಲಕ್ಕಿ ದೀಪದ ಮುಂದೆ ಅವರು ದಿನಾ ನೆನೆಯೋ ಹೆಸರು.

ಏಲಕ್ಕಿಮಲೆ:
ನೀವು ಹಿಂದೆ ಇಲ್ಲೇ ಹಾಕಿದ್ದ ಒಂದು ಅಧ್ಯಾಯ ಓದಿದ್ದೆ, ಅದ್ರಲ್ಲಿ ಇಬ್ರೂ ಕಾಫಿ ತೋಟದಲ್ಲಿ ಹೂ ಬಿಟ್ಟಾಗ ಭೇಟಿ ಆಗ್ತಾರೆ. ಅದನ್ನ ತೆಗೀಲೇಬೇಕು. ಇಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಮಡಿಕೇರಿ ಹತ್ರ ಆಗಿದ್ದು 1854ರಲ್ಲಿ. ಅದಕ್ಕೆ ಮುಂಚೆ ನಾಲ್ಕುನಾಡು ಕಡೆ ಮಾಪಿಳ್ಳೆಯವರು ಅಲ್ಲೊಂದು ಇಲ್ಲೊಂದು ಗಿಡ ಇಟ್ಟಿದ್ರು ಅಷ್ಟೇ, ಬೆಟ್ಟ ಪೂರ್ತಿ ಬೆಳ್ಳಗೆ ಕಾಣೋ ಅಷ್ಟು ಇರ್ಲಿಲ್ಲ. ಸಿಲ್ವರ್ ಓಕ್ ಕೂಡ ತೋಟದ ಜೊತೆ ಆಮೇಲೆ ಬಂದ ಮರ. ಭೇಟಿ ಏಲಕ್ಕಿ ಮಲೆಯಲ್ಲಿ ಮಾಡ್ಸಿ. ಏಲಕ್ಕಿ ರಾಜನ ಸ್ವತ್ತು, ಕದ್ದುಮುಚ್ಚಿ ಅಲ್ಲಿ ಕಾಲಿಡೋದಕ್ಕೇ ಒಂದು ಭಯ, ಅದೂ ಕಥೆಗೆ ಬರುತ್ತೆ. ಕುಶಾಲನಗರ ಅಂತ ಬರೆದಿದೀರಿ, ಕರ್ನಲ್ ಫ್ರೇಸರ್ ಹೆಸರಲ್ಲಿ ಅದು ಫ್ರೇಸರ್‌ಪೇಟೆ ಆಗಿತ್ತು ಕಂಪನಿ ಬಂದ್ಮೇಲೆ, ನೋಡ್ಕೊಳ್ಳಿ.

ಹಾರಂಗಿದಡ:
ಕೈಯಾಲೆ ಅಂಕಲ್ ಹೇಳಿದ್ದು ಓದ್ತಾ ಇದ್ದಂಗೆ ಹೊಳೀತು, ಜಂಗಮ ಕಣ್ರೀ! ನಮ್ಮ ಸೋಮವಾರಪೇಟೆ ಕಡೆ ಜಂಗಮರು ಮನೆಮನೆಗೆ ಬರೋದು ನಮ್ಮಜ್ಜಿ ಕಾಲದವರೆಗೂ ಇತ್ತು. ಜಂಗಮನಿಗೆ ಯಾವ ಮನೆ ಅಂತ ಯಾರೂ ಕೇಳಲ್ಲ, ಮನೆ ಬಿಟ್ಟವನೇ ಜಂಗಮ. ಹಾಲೇರಿ ರಾಜರೂ ಲಿಂಗಾಯತರೇ ಆದ್ರಿಂದ ಜಂಗಮ ಅಂದ್ರೆ ಬಾಗಿಲು ತೆಗೀತಿತ್ತು, ಕಂಪನಿ ವಿರುದ್ಧ ಜನ ಸೇರಿಸ್ತಿದ್ದ ಅಪರಂಪಾರ ಸ್ವಾಮಿ ಜನರ ಮಧ್ಯ ಓಡಾಡಿದ್ದೂ ಜಂಗಮನಾಗೇ. ನಿಮ್ಮ ಹುಡುಗ ದಂಗೆಯ ಸುದ್ದಿ ಹೊತ್ತು ತಿರುಗೋ ಜಂಗಮ ಆಗ್ಬೋದು.

ಕೈಯಾಲೆ:
ಹಾರಂಗಿದಡ ಹೇಳಿದ್ದು ಸರಿ, ನನಗೆ ಹೊಳೆದಿರ್ಲಿಲ್ಲ. ಆದ್ರೆ ಒಬ್ಬ ಕೊಡವ ಹುಡುಗ ಜಂಗಮ ಆಗೋದು ಕಷ್ಟದ ಕೆಲಸ ಅನ್ನೋದನ್ನ ಬರೀಬೇಕು. ಹಂದಿ ಮಾಂಸ, ಕಳ್ಳು, ಕೋವಿ ಜೊತೆ ಬೆಳೆದವನು. ಅದೆಲ್ಲ ಬಿಡ್ಬೋದು, ದಿನಾ ಲಿಂಗಪೂಜೆ ಕಲೀಬೋದು. ಮೈಗೆ ಅಂಟಿದ್ದು ಹೋಗಲ್ಲ. ಮುಸ್ಸಂಜೆ ಹೊತ್ತಿಗೆ ಅವನು ಆ ಮನೆ ಕೈಯಾಲೆಯಲ್ಲಿ, ಅಂದ್ರೆ ಮುಂದಿನ ಜಗಲಿಯಲ್ಲಿ, ಐಮರದ ಹಲಗೆ ಮೇಲೆ ಕೂತಿದಾನೆ ಅಂತಿಟ್ಕೊಳ್ಳಿ, ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ತಾರೆ, ದೀಪ ಎಲ್ಲಿದೆ ಅಂತ ಹೊರಗೆ ಕೂತವನಿಗೆ ಕಾಣಲ್ಲ. ಅವನು ಎದ್ದು ಸರಿಯಾಗಿ ಅದೇ ದಿಕ್ಕಿಗೆ ತಿರುಗಿ ಕೈ ಮುಗೀತಾನೆ. ದೂರದ ಮಠದಿಂದ ಬಂದ ಜಂಗಮನಿಗೆ ಇದು ಹೆಂಗೆ ಗೊತ್ತು? ನೋಡಿದವರು ನೋಡ್ತಾರೆ.

ಕಕ್ಕಡದಮಳೆ:
ಮಾವ, ಇದನ್ನ ಓದಿ ಎದ್ದು ಹೊರಗೆ ಹೋಗಿ ನಿಂತ್ಕೊಂಡು ಬಂದೆ. ಮೂರು ವರ್ಷ ಹುಡುಕಿದ್ದು ಇದನ್ನೇ.

ಹಂಗಾದ್ರೆ ಕಾಲ ಹಿಂಗೆ ಜೋಡಿಸ್ತೀನಿ: 1836ರ ಪುತ್ತರಿ, ಅಂದ್ರೆ ಸುಗ್ಗಿ ಹಬ್ಬದ ಹೊತ್ತಿಗೆ ಅವನು ಊರಿಗೆ ಬರ್ತಾನೆ, ಏಪ್ರಿಲಲ್ಲಿ ದಂಗೆ, ದಂಗೆ ಮುರಿದ್ಮೇಲೆ ಕಕ್ಕಡದ ಮಳೆಯಲ್ಲಿ ಕಾಡಲ್ಲಿ ಅಡಗಿರ್ತಾನೆ, ಹೊಳೆ ತುಂಬಿ ಯಾರೂ ಯಾರನ್ನೂ ಹುಡುಕೋಕಾಗದ ತಿಂಗಳು ಅದು. ಮೊದಲನೇ ಅಧ್ಯಾಯದಲ್ಲೇ ಪುತ್ತರಿ ರಾತ್ರಿ ಇಡ್ತೀನಿ. ಅವನ ಮನೆಯ ಗದ್ದೆ ಈಗ ಶತ್ರು ಕೈಲಿದೆ, ಅವನು ಹಳೇ ಕಡಂಗದ ಹಿಂದೆ, ಆ ಕಂದಕದ ಕತ್ತಲಲ್ಲಿ ನಿಂತಿದಾನೆ, ಕೋವಿ ಸದ್ದು ಕೇಳುತ್ತೆ, ಕದಿರು ಕೊಯ್ತಾ "ಪೊಲಿ ಪೊಲಿ ದೇವಾ" ಅಂತ ಕೂಗ್ತಾರೆ, ಅವನ ಬಾಯಿ ತಾನೇ ತೆರೆಯುತ್ತೆ ಆದ್ರೆ ಕೂಗೋ ಹಾಗಿಲ್ಲ.

ಸೇಡಿನ ವಿಷಯಕ್ಕೆ ಬಂದ್ರೆ, ಚಾಡಿ ಹೇಳಿದವನು ಈಗ ಕಂಪನಿಗೆ ಬೇಕಾದವನು. ದಂಗೆ ಹತ್ತಿಕ್ಕಿದ ಕೊಡಗರಿಗೆ ಕಂಪನಿ ಚಿನ್ನದ್ದು ಬೆಳ್ಳಿದು ಪದಕ ಕೊಡ್ತಲ್ಲ, ಅದನ್ನ ಕೊನೆಗೆ ಅವನ ಎದೆ ಮೇಲೆ ಇಡ್ತೀನಿ, ಎಲ್ಲಾ ಓದುಗರಿಗೂ ರಕ್ತ ಕುದೀಬೇಕು.

ಶನಿವಾರಸಂತೆಓದುಗ:
ಇಲ್ಲಿ ನಾನು ಒಪ್ಪಲ್ಲ. ಪದಕ ಹಾಕ್ಕೊಂಡವರೆಲ್ಲ ದ್ರೋಹಿಗಳು ಅಂತ ಬರೆದ್ರೆ ಅನ್ಯಾಯ ಆಗುತ್ತೆ. ಆ ಜನ ಹದಿನಾಲ್ಕು ವರ್ಷ ಚಿಕ್ಕವೀರರಾಜನ ಭಯದಲ್ಲಿ ಬದುಕಿದವರು, ಅವನ ಸ್ವಂತ ರಕ್ತದವರೇ ಉಳೀಲಿಲ್ಲ, ಇನ್ನು ಉಳಿದವರ ಪಾಡೇನು. ಅದೇ ವಂಶದ ಹೆಸರಲ್ಲಿ ಇನ್ನೊಬ್ಬ ಬರ್ತಾ ಇದಾನೆ ಅಂದಾಗ ಬೇಡಪ್ಪಾ ಅಂತ ಕೋವಿ ಎತ್ತಿದವರು ಇದ್ದೇ ಇರ್ತಾರೆ. ನಮ್ಮ ಕಡೆ ಪುಟ್ಟಬಸಪ್ಪನ್ನ ನಾವು ನಮ್ಮವನು ಅಂತೀವಿ, ಎದೆ ಉಬ್ಬುತ್ತೆ, ಆದ್ರೂ ಎದುರು ನಿಂತವರ ಮನೆಯಲ್ಲೂ ಸತ್ತವರು ಇದ್ರು ಅನ್ನೋದು ಮರೀಬಾರ್ದು. ನಿಮ್ಮ ಖಳನಾಯಕ ಚಾಡಿ ಯಾಕೆ ಹೇಳಿದ? ಆಸ್ತಿಗೋಸ್ಕರ ಅಂದ್ರೆ ಸಾಮಾನ್ಯ ಕಥೆ. ಹೇಳದಿದ್ರೆ ಅವನ ಮಗನ್ನ ಎಳ್ಕೊಂಡು ಹೋಗ್ತಿದ್ರು ಅಂತ ಮಾಡಿ ನೋಡಿ. ಆ ಮಗನೇ ಅವಳ ಗಂಡ.

ಸುಳ್ಯದಸೊಸೆ:
ಇದು ಸರಿಯುಂಟು. ಮತ್ತೆ ನನ್ನದೊಂದು ಬೇಡಿಕೆ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನ 1837ರ ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೆಯಲ್ಲಿ ಜನರ ಎದುರು ಗಲ್ಲಿಗೆ ಹಾಕಿದ್ರು. ನಿಮ್ಮ ಹುಡುಗನನ್ನ ಆ ಜನರ ಗುಂಪಿನಲ್ಲಿ ನಿಲ್ಲಿಸಿ. ಜಂಗಮನ ಬಟ್ಟೆಯಲ್ಲಿ, ಒಂದು ಮಾತಾಡದೆ. ಸ್ವಂತ ಹೆಸರಲ್ಲೇ ನಿಂತು ಸಾಯುವ ಒಬ್ಬ ಮನುಷ್ಯನನ್ನ ಹೆಸರು ಬಚ್ಚಿಟ್ಟವನು ನೋಡಬೇಕು. ಅದಾದ ಮೇಲೆ ಅವನ ಸೇಡು ಮೊದಲಿನ ಹಾಗೆ ಇರ್ಲಿಕ್ಕೆ ಸಾಧ್ಯವೇ ಇಲ್ಲ ಅಂತ ನನಗೆ ಅನಿಸ್ತದೆ.

ಮಂಜುಮುಸುಕು:
ಇಷ್ಟೆಲ್ಲ ಯಾಕೆ, ರಾಜನ ಮಗಳು ಗೌರಮ್ಮನ್ನೇ ತಗೊಳ್ಳಿ, 1852ರಲ್ಲಿ ಲಂಡನ್ನಿಗೆ ಹೋದಳು, ವಿಕ್ಟೋರಿಯಾ ರಾಣಿನೇ ಧರ್ಮಮಾತೆಯಾಗಿ ನಿಂತು ಅವಳಿಗೆ ತನ್ನ ಹೆಸರೇ ಇಟ್ಟಳು, ಹೆಸರು ಕಳ್ಕೊಳ್ಳೋದು ಅಂದ್ರೆ ಅದು.

ಕಕ್ಕಡದಮಳೆ:
ಅದು ಬೇರೇನೇ ಒಂದು ಕಾದಂಬರಿ ಆಗುತ್ತೆ, ಅದನ್ನ ಬರೆಯೋ ಶಕ್ತಿ ನನಗಿಲ್ಲ. ಆ ಹುಡುಗಿಯ ಸಮಾಧಿ ಅಷ್ಟು ದೂರದಲ್ಲಿದೆ ಅಂತ ನೆನೆಸಿಕೊಂಡ್ರೇ ಹೊಟ್ಟೆ ಸಂಕಟ ಆಗುತ್ತೆ.

ಜೋಮಾಲೆ:
ಎರಡು ದಿನದಿಂದ ಓದ್ತಾ ಇದೀನಿ, ಸುಮ್ನಿರೋಕಾಗ್ತಿಲ್ಲ, ಬರೀತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟೂ ಮಾತಲ್ಲಿ ಆ ಹುಡುಗಿ ಎಲ್ಲಿದಾಳೆ? ಅವನಿಗೆ ದೇವಿ ಬೇನೆ ಬಂತು, ಅವನು ಜಂಗಮ ಆದ, ಅವನು ಕಡಂಗದ ಹಿಂದೆ ನಿಂತ. ಅವಳು? ಅವಳನ್ನ "ಕೊಟ್ಟಿದಾರೆ", ಅಷ್ಟೇನಾ?

ನಮ್ಮಲ್ಲಿ ಗಂಡ ಸತ್ತವಳಿಗೂ ಕೂಡಾವಳಿ ಅಂತ ಮತ್ತೆ ಮದುವೆ ಇತ್ತು, ಹೆಣ್ಣಿನ ಬದುಕು ಅಲ್ಲಿಗೇ ಮುಗೀತು ಅಂತ ಇರ್ಲಿಲ್ಲ. ಆದ್ರೆ ಮದುವೆ ಮಾತಾಗಿ, ಹುಡುಗನ ಮನೆಯೇ ಅಳಿಸಿಹೋದವಳಿಗೆ ಏನು? ಅವಳು ವಿಧವೆಯೂ ಅಲ್ಲ, ಅಳೋಕೆ ಹಕ್ಕಿಲ್ಲ, ಸತ್ತವನ ಹೆಸರು ಹೇಳಿದ್ರೆ ಅವಳ ಮನೆಗೂ ಅರಮನೆ ಆಳು ಬರ್ತಾರೆ. ಬಾಯಿ ಮುಚ್ಕೊಂಡು ಕೊಟ್ಟ ಮನೆಗೆ ಹೋದಳು. ಹೆಸರು ಬಚ್ಚಿಟ್ಟಿದ್ದು ಅವನೊಬ್ಬನೇ ಅಲ್ಲ, ಅವಳೂ ಅವನ ಹೆಸರನ್ನ ನಾಲ್ಕು ವರ್ಷ ಬಾಯೊಳಗೇ ಇಟ್ಕೊಂಡಿದಾಳೆ. ದೀಪದ ಕಡೆ ತಿರುಗಿದ ಜಂಗಮನ್ನ ನೋಡಿದವರು ನೋಡ್ತಾರೆ ಅಂದ್ರಲ್ಲ ಕೈಯಾಲೆ ಮಾವ, ನೋಡಿದವಳು ಅವಳೇ. ದೀಪ ಹಚ್ಚಿದವಳು ಅವಳಲ್ವಾ.

ನಮ್ಮ ತಾಯಿ, ಅಂದ್ರೆ ನಮ್ಮಪ್ಪನ ಅಮ್ಮ, ಒಂದು ಮಾತು ಹೇಳ್ತಿದ್ರು. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಹೋದವರು ಎಷ್ಟೋ ವರ್ಷ ಆದ್ಮೇಲೆ ತಪ್ಪಿಸ್ಕೊಂಡು ಊರಿಗೆ ಬಂದ್ರೆ, ಅವರ ಮನೆ ಇಲ್ಲ, ಗದ್ದೆಯಲ್ಲಿ ಬೇರೆಯವರು, ಬಾಗಿಲಲ್ಲಿ ನಿಂತು ನಾನು ಇಂಥ ಮನೆಯವನು ಅಂದ್ರೆ ಹೌದು ಅನ್ನೋಕೆ ಒಬ್ಬರು ಬೇಕಿತ್ತಂತೆ. "ನೀನು ಯಾರು ಅಂತ ನೀನು ಹೇಳಿದ್ರೆ ಆಗಲ್ಲ ಮಗಳೇ, ಇನ್ನೊಬ್ಬರು ಹೇಳ್ಬೇಕು" ಅಂತಿದ್ರು. ನಂಗೆ ಆಗ ಅರ್ಥ ಆಗ್ತಿರ್ಲಿಲ್ಲ.

ಕಕ್ಕಡದಮಳೆ:
ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾಚಿಕೆನೂ ಆಯ್ತು. ಇನ್ನೂರು ಪುಟ ಬರೆದಿದೀನಿ, ಅವಳು ಮಾತಾಡಿರೋದು ಎಲ್ಲಾ ಸೇರಿ ಹತ್ತು ಸಾಲು ಇರ್ಬೇಕು.

ಒಂದು ಕೇಳ್ತೀನಿ. ಜಂಗಮನ ವೇಷ ದಂಗೆ ಮುರಿಯೋವರೆಗೂ ನಡೆಯುತ್ತೆ. ಆಮೇಲೆ ಕಂಪನಿಯವರು ಜಂಗಮರನ್ನೇ ಅನುಮಾನದಿಂದ ನೋಡ್ತಾರೆ ಅಲ್ವಾ, ಆಗ ಅವಳ ಮಾವ, ಅಂದ್ರೆ ಚಾಡಿ ಹೇಳಿದವನೇ, ಕೈಯಾಲೆಯಲ್ಲಿ ಊರಿನ ತಕ್ಕರ, ಅಂದ್ರೆ ಮುಖ್ಯಸ್ಥರ ಮುಂದೆ ಇವನನ್ನ ನಿಲ್ಲಿಸಿ ನಿಜ ಹೇಳು, ಯಾವ ಮನೆ ನೀನು ಅಂತ ಕೇಳ್ತಾನೆ. ನಿಜ ಹೇಳಿದ್ರೆ ಸಾಯ್ತಾನೆ. ಸುಳ್ಳು ಹೇಳಿದ್ರೆ ಅರುವ ಹಿಡೀತಾನೆ. ಇಲ್ಲಿ ಅವಳು ಏನ್ ಮಾಡ್ತಾಳೆ?

ಜೋಮಾಲೆ:
ಅವಳು ಉತ್ತರ ಕೊಡ್ತಾಳೆ. ಅವನ ಪರವಾಗಿ. ಇಂಥ ಮನೆಯವನು, ನಮ್ಮ ಅಜ್ಜಿ ತವರುಮನೆ ಕಡೆಯವನು, ನಾನು ಚಿಕ್ಕವಳಿದ್ದಾಗ ನೋಡಿದೀನಿ ಅಂತ. ಅಳಿದುಹೋದ ಒಕ್ಕದ ಹೆಸರು ಹೇಳ್ತಾಳೆ. ಸೆರೆ ಹೋಗಿ ಯಾರೂ ತಿರುಗಿ ಬರದ ಒಕ್ಕ. ಅದಕ್ಕೆ ಅರುವ ಯಾರೂ ಉಳಿದಿಲ್ಲ, ಅಲ್ಲ ಅನ್ನೋಕೆ ಭೂಮಿ ಮೇಲೆ ಒಬ್ಬರಿಲ್ಲ.

ಕೈಯಾಲೆ:
ನಮ್ಮ ಗದ್ದೆಯ ಮೇಲ್ಗಡೆ ಬಾಣೆ ಜಾಗದಲ್ಲಿ ಅಂಥದೊಂದು ಮನೆಯ ನೆಲಗಟ್ಟು ಇದೆ. ಮೆಟ್ಟಿಲಿನ ಕಲ್ಲು ಇದೆ, ಹಿರಿಯರ ಗುಡಿ ಕೈಮಡದ ಜಾಗ ಇದೆ, ಮೇಲೆ ಮರ ಬೆಳೆದಿದೆ. ನನ್ನ ಅಪ್ಪ ಪುತ್ತರಿ ದಿನ ಅಲ್ಲಿ ಒಂದು ದೀಪ ಇಟ್ಟು ಬರ್ತಿದ್ರು, ಯಾರ ಮನೆ ಅಂತ ಕೇಳಿದ್ರೆ ಹೆಸರು ಹೇಳ್ತಿದ್ರು, ಆ ಹೆಸರು ಈಗ ನನಗೂ ನನ್ನ ತಮ್ಮನಿಗೂ ಬಿಟ್ರೆ ಊರಲ್ಲಿ ಯಾರಿಗೂ ಗೊತ್ತಿಲ್ಲ. ನಾನೂ ದೀಪ ಇಡ್ತೀನಿ. ಜೋಮಾಲೆ ಹೇಳಿದ್ದು ಆಗೋ ಮಾತೇ. ಇನ್ನೊಂದು ಸೇರಿಸ್ತೀನಿ: ಮಾವನಿಗೆ ಅವಳು ಸುಳ್ಳು ಹೇಳ್ತಿದಾಳೆ ಅಂತ ಗೊತ್ತಾಗುತ್ತೆ. ಅವನು ವಯಸ್ಸಾದವನು, ಆ ಒಕ್ಕ ಅಳಿದಿದ್ದು ಅವನಿಗೆ ಗೊತ್ತಿರ್ಲೇಬೇಕು. ಒಂದು ಒಕ್ಕ ತನ್ನ ಮಾತಿಂದ ಅಳಿದದ್ದೂ ಗೊತ್ತು. ಹೌದು ಅಂತಾನೋ ಅಲ್ಲ ಅಂತಾನೋ, ಅದು ನಿಮಗೆ ಬಿಟ್ಟಿದ್ದು.

ಶನಿವಾರಸಂತೆಓದುಗ:
ಹೌದು ಅನ್ಲಿ. ಮಗನ್ನ ಉಳಿಸೋಕೆ ಒಂದು ಸಲ ಮಾತಾಡಿದವನು, ಈಗ ಒಂದು ಸಲ ಸುಮ್ನಿರ್ಲಿ.

ಸುಳ್ಯದಸೊಸೆ:
ಮತ್ತೆ ನಿಮ್ಮ ಹುಡುಗನ ಕೈಯಲ್ಲಿರುವ ಪೀಚೆಕತ್ತಿ? ಸೇಡು?

ಕಕ್ಕಡದಮಳೆ:
ನಿನ್ನೆ ರಾತ್ರಿ ಬರೆದೆ ಅಕ್ಕ, ಬೆಳಗಿನ ಜಾವದವರೆಗೂ. ಇಷ್ಟು ಮಾತ್ರ ಇಲ್ಲಿ ಹಾಕ್ತೀನಿ, ಉಳಿದದ್ದು ಮುಗಿದ್ಮೇಲೆ.

"ತಕ್ಕರು ಎದ್ದು ಹೋದರು. ಮಳೆ ನಿಂತಿರಲಿಲ್ಲ. ಮುದುಕ ಐಮರದ ಮೇಲೆ ಕೂತೇ ಇದ್ದ, ಜಂಗಮ ಕಂಬಕ್ಕೆ ಒರಗಿ ನಿಂತೇ ಇದ್ದ, ಬಟ್ಟೆಯೊಳಗೆ ಕತ್ತಿ ಮೈಗೆ ತಣ್ಣಗೆ ತಾಗುತ್ತಿತ್ತು. ಕತ್ತಲಾಯಿತು. ಅವಳು ಒಳಗೆ ದೀಪ ಹಚ್ಚಿದಳು. ಮುದುಕ ಎದ್ದ, ಒಳಗಿನ ಕಡೆ ತಿರುಗಿ ಕೈಮುಗಿದ. ಈ ಸಲ ಜಂಗಮ ತಿರುಗಲಿಲ್ಲ. ಅಳಿದ ಮನೆಯ ಹೆಸರು ಈಗ ಅವನದು, ಆ ಮನೆಯ ದೀಪ ಯಾವ ದಿಕ್ಕಿಗಿತ್ತೋ ಅವನಿಗೆ ಗೊತ್ತಿರಲಿಲ್ಲ. ಒಳಗಿನಿಂದ ಅವಳು ಕೇಳಿದಳು, ಊಟಕ್ಕೆ ಇರುತ್ತೀರಾ ಅಂತ. ಬಹುವಚನದಲ್ಲಿ, ಅತಿಥಿಗೆ ಕೇಳಿದ ಹಾಗೆ."

ಜೋಮಾಲೆ:
ಇರ್ತಾನಾ?

ಕಕ್ಕಡದಮಳೆ:
ಅದನ್ನೇ ಇವತ್ತು ರಾತ್ರಿ ಬರೀಬೇಕು ಅಕ್ಕ.